ಅತ್ತೆಯವರ ಫೋನಿಗೆ ತೆರೆದ ಬಾಗಿಲು

"ಇನ್ನು ಮುಂದೆ ಈ ಮನೇಲಿ ಒಂದೇ ಕಂಪನಿ, ಒಂದೇ ಚಾರ್ಜರ್, ಒಂದೇ ಆಡಳಿತ!"

ನಾನು ಹೀಗೆಂದು ಘೋಷಿಸಿದ ದಿನ ಲುಸಾಕಾ ನಗರದ ಚಿಲೆಂಜೆ ಬಡಾವಣೆಯ ಇತಿಹಾಸದಲ್ಲಿ ಸುವರ್ಣಾಕ್ಷರಗಳಿಂದ ಬರೆಯಬೇಕಾದದ್ದು ಎಂದೇ ತಿಳಿದಿದ್ದೆ. ಹೇಳಿ ಕೇಳಿ ನಾನು ಕಬಾಸೊ, ವಿಮಾ ಕಚೇರಿಯ ಅಧಿಕಾರಿ. ಬೇರೆಯವರ ಮನೆಯ ಅವಘಡಗಳನ್ನು ಅಳೆದು ತೂಗುವುದೇ ನನ್ನ ಉದ್ಯೋಗ. ಅಂಥವನ ಮನೆಯಲ್ಲಿ ಅವಘಡವೇ? ಛೆ!

ಆದರೆ ಅಲ್ಲಿಯವರೆಗೆ ನಮ್ಮ ಮನೆಯ ಸ್ಥಿತಿಯೂ ಅವಘಡವೇ. ಡ್ರಾಯರ್ ಎಳೆದರೆ ಊರಿನ ಚಾರ್ಜರುಗಳೆಲ್ಲ ಹಾವಿನ ಮರಿಗಳ ಹಾಗೆ ಹೆಣೆದುಕೊಂಡು ಮೇಲೆದ್ದು ಬರುತ್ತಿದ್ದವು. ಬೇಕಾದ್ದು ಮಾತ್ರ ಬರುತ್ತಿರಲಿಲ್ಲ. ಲೋಡ್ ಶೆಡ್ಡಿಂಗ್ ಶುರುವಾದರೆ ಬ್ಯಾಟರಿ ಒಂದು ಕಂಪನಿಯದು, ಪಂಪ್ ಇನ್ನೊಂದರದು. ಅವೆರಡಕ್ಕೂ ಮಾತುಕತೆ ಇಲ್ಲ. ಹಾಗಾಗಿ ಝುಂಬೋರಾ ಎಂಬ ಕಂಪನಿಗೆ ಶರಣು ಹೋದೆ. ಫೋನು, ಕೈಗಡಿಯಾರ, ದೀಪ, ಬ್ಯಾಟರಿ, ನೀರಿನ ಪಂಪು, ಗೇಟಿನ ಬೀಗ, ಮುಂಬಾಗಿಲ ಬೀಗ ಎಲ್ಲವೂ ಝುಂಬೋರಾ! ಕಂಪನಿಯವರು ಇದನ್ನು 'ಕುಟುಂಬ' ಎನ್ನುತ್ತಾರೆ. ಕುಟುಂಬದೊಳಗೆ ಎಲ್ಲರಿಗೂ ಭಾರಿ ಪ್ರೀತಿ. ಹೊರಗಿನವರನ್ನು ಕಂಡರೆ ಆಗದು.

ಸುಳ್ಳು ಏಕೆ ಹೇಳಲಿ, ಮೊದಮೊದಲು ಸ್ವರ್ಗವೇ! ಕರೆಂಟು ಹೋದದ್ದು ದೀಪಕ್ಕೇ ಗೊತ್ತಾಗುತ್ತಿರಲಿಲ್ಲ. ಟ್ಯಾಂಕ್ ಖಾಲಿಯಾಗುವ ಮುಂಚೆಯೇ ಪಂಪು ತಾನಾಗಿ ಏಳುತ್ತಿತ್ತು. ಇಸ್ತ್ರಿಪೆಟ್ಟಿಗೆ ಆರಿಸದೆ ಕಚೇರಿಗೆ ಹೋದರೆ ಮಣಿಕಟ್ಟಿನ ಗಡಿಯಾರ ಗದರುತ್ತಿತ್ತು. ಒಬ್ಬಳು ಮಾತ್ರ ಕುಟುಂಬಕ್ಕೆ ಸೇರಲು ಒಪ್ಪಲಿಲ್ಲ: ನನ್ನ ಹೆಂಡತಿ ತಿಯಾಮಿಕೆ.

"ಮಪಾಲೋ ಅಮ್ಮ, ಆ ಹಳೇ ಫೋನು ಬಿಸಾಕು. ಝುಂಬೋರಾ ತಗೋ" ಎಂದೆ. ಮಪಾಲೋ ನಮ್ಮ ಮಗಳು; ಕಿಟ್ವೆಯಲ್ಲಿ ಓದುತ್ತಾಳೆ.

"ನನ್ನ ಫೋನಿಗೇನಾಗಿದೆ, ಮಪಾಲೋ ಅಪ್ಪ? ಹೇಳಿದ್ದು ಕೇಳುತ್ತೆ. ನೀವೂ ಹಾಗಿದ್ದಿದ್ರೆ ಸಾಕಿತ್ತು!"

"ಅದು ನಮ್ಮ ಕುಟುಂಬದ ಜೊತೆ ಹೊಂದ್ಕೊಳ್ಳಲ್ಲ ಕಣೇ."

"ನಾನೂ ಬೇರೆ ಕಂಪನಿಯೋಳೇ, ನನ್ನ ತವರು ಚಿಪಾಟಾ. ಹೊಂದ್ಕೊಳ್ಳುತ್ತೋ ಇಲ್ವೋ ಅಂತ ಮದುವೆಗೆ ಮುಂಚೆ ನೋಡ್ಬೇಕಿತ್ತು!"

ನಾನು ನಕ್ಕುಬಿಟ್ಟೆ. ಆಳುವವರು ಸಣ್ಣಪುಟ್ಟ ಬಂಡಾಯಗಳಿಗೆಲ್ಲ ತಲೆ ಕೆಡಿಸಿಕೊಳ್ಳಬಾರದು.

ಆ ಶನಿವಾರ ಚಿಪಾಟಾದಿಂದ ಅತ್ತೆ ಬರುವವರಿದ್ದರು. ಅವರನ್ನು ಕರೆತರಲು ತಿಯಾಮಿಕೆ ಬಸ್ ನಿಲ್ದಾಣಕ್ಕೆ ಹೋದಳು. ನನಗೆ ಬೆಳಗಿನಿಂದಲೇ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಮ್ಮಲ್ಲಿ ಅತ್ತೆ ಎಂದರೆ ಹುಡುಗಾಟವಲ್ಲ. ಅಳಿಯ ಅವರ ಮುಖಕ್ಕೆ ಮುಖ ಕೊಟ್ಟು ಮಾತಾಡುವಂತಿಲ್ಲ, ಅವರ ಜೊತೆ ಕುಳಿತು ಉಣ್ಣುವಂತಿಲ್ಲ. ಎದುರಾದರೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯಬೇಕು. ಕುರ್ಚಿ ಸರಿಸಿದೆ, ಪರದೆ ಸರಿಸಿದೆ, ಸರಿಸಿದ್ದನ್ನೇ ಮತ್ತೆ ಸರಿಸಿದೆ. ಕಡೆಗೆ ಸ್ನಾನವನ್ನಾದರೂ ಮಾಡೋಣವೆಂದು ಬಚ್ಚಲಿಗೆ ನುಗ್ಗಿದೆ.

ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿಕೊಂಡು ನಿಂತಿದ್ದೇನೆ. ಗೂಡಿನಲ್ಲಿಟ್ಟ ಫೋನು ಇಂಪಾಗಿ ನುಡಿಯಿತು: "ಕುಟುಂಬಕ್ಕೆ ಹೊಸ ತಂತ್ರಾಂಶ ಬಂದಿದೆ. ಎಲ್ಲರೂ ಒಟ್ಟಿಗೆ ಹೊಸಬರಾಗುತ್ತಿದ್ದೇವೆ. ದಯವಿಟ್ಟು ಕಾಯಿರಿ."

ನಲ್ಲಿ ಗೊರಗೊರ ಎಂದು ಪ್ರಾಣ ಬಿಟ್ಟಿತು. ದೀಪ ಆರಿತು. ಹೊರಗೆ ಮುಂಬಾಗಿಲ ಬೀಗ 'ಟಕ್' ಎಂದಿತು. ಫೋನಿನ ಪರದೆಯ ಮೇಲೆ ಒಂದು ಉಂಗುರ ಸುತ್ತತೊಡಗಿತು. ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು!

ಟವೆಲ್ ಸುತ್ತಿಕೊಂಡು ಹೊರಗೆ ಓಡಿ ಬಂದೆ. ಬಾಗಿಲು ಎಳೆದೆ, ಒದ್ದೆ, ಬೇಡಿಕೊಂಡೆ. ಊಹೂಂ. ಕಿಟಕಿಗಳಿಗೆಲ್ಲ ಕಳ್ಳರಿಗೆ ಹೆದರಿ ನಾನೇ ನಿಂತು ಹಾಕಿಸಿದ ಕಬ್ಬಿಣದ ಸರಳು. ಹಚ್ಚಿದ ಸೋಪು ಒಣಗಿ ಮೈ ಚುರುಚುರು ಎನ್ನತೊಡಗಿತು. ಆಗ ನೆನಪಾಯಿತು, ಗಡಿಯಾರ! ಅದಕ್ಕೆ ತನ್ನದೇ ಸಿಮ್ ಇತ್ತು, ಇನ್ನೂ ಉಸಿರಾಡುತ್ತಿತ್ತು. ಗೆಳೆಯ ಸಿಕೋಟಾನಿಗೆ ಕರೆ ಮಾಡಿದೆ.

"ಸಿಕೋಟಾ, ಮನೆಯೊಳಗೇ ಸಿಕ್ಕಿಹಾಕ್ಕೊಂಡಿದ್ದೀನಿ ಮಾರಾಯ!"

"ಯಾರು ಕೂಡಿಹಾಕಿದ್ದು? ಹೆಂಡ್ತೀನಾ?"

"ಕಂಪನಿ ಕಣೋ! ಅತ್ತೆ ಬೇರೆ ಬರ್ತಾ ಇದ್ದಾರೆ."

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ, ಒಳಗೇ ಇರು!"

ನನಗೂ ನಗು ತಡೆಯಲಾಗಲಿಲ್ಲ. ನಾವು ಬೆಂಬಾ ಬುಡಕಟ್ಟಿನವರು, ಅತ್ತೆಯವರು ಅಂಗೋನಿ. ಹಿಂದೆ ಯಾವಾಗಲೋ ನಮ್ಮ ಹಿರಿಯರು ಹೊಡೆದಾಡಿಕೊಂಡಿದ್ದರು. ಈಗ ಉಳಿದಿರುವುದು, ಅವರಿಗೆ ಇಲಿ ಊಟ, ನಮಗೆ ಕೋತಿ ಊಟ ಎಂದು ಪರಸ್ಪರ ಹಂಗಿಸುವ ಸಲಿಗೆ. ಬಸ್ಸಿನಲ್ಲಿ, ಕಚೇರಿಯಲ್ಲಿ, ಸಾವಿನ ಮನೆಯಲ್ಲೂ ಹಂಗಿಸಬಹುದು. ಅತ್ತೆಯನ್ನು ಮಾತ್ರ ಕೂಡದು. ಆದರೆ ಒಳಗೆ ಆಡಿದ್ದು ಅತ್ತೆಗೆ ಕೇಳಿಸುತ್ತದೆಯೇ?

"ನಿಜ ಕಣೋ" ಎಂದೆ. "ಈ ಅಂಗೋನಿ ಅಮ್ಮ ಬಂದ್ರೆ ಅಡುಗೆಮನೆ ತುಂಬ ಸುಟ್ಟ ಇಲಿ ವಾಸನೆ! ಸ್ವಲ್ಪ ಹೊತ್ತು ಹೊರಗೇ ನಿಂತಿರ್ಲಿ, ಇಲಿಗಳಿಗೂ ಜೀವ ಉಳಿಸ್ಕೊಳ್ಳೋಕೆ ಸಮಯ ಸಿಗುತ್ತೆ."

ಝುಂಬೋರಾ ಕುಟುಂಬದಲ್ಲಿ ಗುಟ್ಟು ಎಂಬುದಿಲ್ಲ. ಫೋನು ಮಲಗಿದ್ದರೆ ಗಡಿಯಾರದ ಮಾತು ಮನೆಯ ಎಲ್ಲಕ್ಕಿಂತ ದೊಡ್ಡ ಸ್ಪೀಕರಿಗೆ ಹೋಗುತ್ತದೆಯಂತೆ. ಎಲ್ಲಕ್ಕಿಂತ ದೊಡ್ಡ ಸ್ಪೀಕರ್ ಇದ್ದದ್ದು ಗೇಟಿನಲ್ಲಿ!

"ಮಪಾಲೋ ಅಪ್ಪಾ!" ಅದೇ ಸ್ಪೀಕರಿನಿಂದ ಹೆಂಡತಿಯ ದನಿ ಗಡಿಯಾರಕ್ಕೆ ಬಂತು. "ಗೇಟಿನ ಹತ್ರ ನಾವಿದ್ದೀವಿ. ಅಮ್ಮ ಇದ್ದಾರೆ. ಬೀದಿಗೆ ಬೀದಿಯೇ ಇದೆ!"

ನನ್ನ ಎದೆ ಬಡಿತ ಮಿತಿ ಮೀರಿದೆ ಎಂದು ಗಡಿಯಾರ ಎಚ್ಚರಿಸಿತು. ಅದರ ಹಿಂದೆಯೇ ಅತ್ತೆಯವರ ನಿಧಾನವಾದ ದನಿ: "ಮಗಳೇ, ಇಲಿಗಾದ್ರೂ ಬಿಲದಿಂದ ಹೊರಗೆ ಬರೋ ದಾರಿ ಗೊತ್ತಿರುತ್ತೆ. ಕೋತಿ ತಿನ್ನೋ ಬೆಂಬಾದೋರಿಗೆ ಸ್ವಂತ ಮನೆಯಿಂದ್ಲೂ ಬರೋಕಾಗಲ್ವಾ?"

ಬೀದಿ ಹೋ ಎಂದು ನಕ್ಕಿತು. ಗಡಿಯಾರದೊಳಗೆ ಸಿಕೋಟಾನೂ ನಕ್ಕ, ದ್ರೋಹಿ!

ಅವನ ಕರೆ ಕತ್ತರಿಸಿ ಕಂಪನಿಯ ಸಹಾಯವಾಣಿ ಹಿಡಿದೆ. "ಹೊಸ ತಂತ್ರಾಂಶದಿಂದ ತೊಂದರೆಯಾಗಿದ್ದರೆ ಚಿಂತಿಸಬೇಡಿ" ಎಂದಿತು ಒಂದು ಉಲ್ಲಾಸದ ಹೆಣ್ಣುದನಿ. "ಇನ್ನೊಂದು ಝುಂಬೋರಾ ಫೋನನ್ನು ಗೇಟಿಗೆ ಹಿಡಿಯಿರಿ. ಕುಟುಂಬ ತಾನೇ ಗುರುತಿಸುತ್ತದೆ."

ಇದೂ ಗೇಟಿನಲ್ಲಿ ಮೊಳಗಿತು. ತಿಯಾಮಿಕೆ ತನ್ನ ಫೋನು ಹಿಡಿದಳು. ಗೇಟು ಕೆಂಪಗಾಗಿ ಅರಚಿತು: "ಅಪರಿಚಿತರು! ಅಪರಿಚಿತರು!"

"ಈ ಗೇಟಿಗೆ ಬಣ್ಣ ಬಳಿದೋಳು ನಾನು! ನನ್ನೇ ಅಪರಿಚಿತಳು ಅನ್ನುತ್ತಾ?"

ನೆರೆಯವರೆಲ್ಲ ಒಬ್ಬೊಬ್ಬರಾಗಿ ಫೋನು ಹಿಡಿದರು. ಅಪರಿಚಿತರು! ಅಪರಿಚಿತರು! ಒಳಗೆ ನಾನು ಬೋನಿನ ಹುಲಿಯ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದೆ. ಟವೆಲ್ ಸುತ್ತಿಕೊಂಡ, ಮೈ ಕೆರೆದುಕೊಳ್ಳುವ ಹುಲಿ.

ಆಗ ಅತ್ತೆ ಕೇಳಿದರು: "ಏನಂದ್ರು ಹೆಸರು? ಝುಂಬೋರಾನಾ? ನಮ್ಮ ಚರ್ಚಿನ ಹೆಂಗಸರೆಲ್ಲ ಸಂತೇಲಿ ಅದನ್ನೇ ತಗೊಂಡ್ವಿ. ಬ್ಯಾಟರಿ ಚೆನ್ನಾಗಿ ಬರುತ್ತೆ ಅಂತ."

ಸೊಂಟದ ಬಟ್ಟೆಯ ಗಂಟು ಬಿಚ್ಚಿ ಅವರು ಸಣ್ಣದೊಂದು ಫೋನು ತೆಗೆದರಂತೆ. ಗೇಟು ಹಸಿರಾಯಿತು. ಸಂಗೀತ ಮೊಳಗಿತು. ಆ ಹೊತ್ತಿನಲ್ಲಿ ಇಡೀ ಕುಟುಂಬದಲ್ಲಿ ಎಚ್ಚರವಾಗಿದ್ದ ಫೋನು ಅದೊಂದೇ. "ಸ್ವಾಗತ, ಮನೆಯ ಯಜಮಾನರೇ!"

ಮರುಕ್ಷಣವೇ ಎಲ್ಲಕ್ಕೂ ಜೀವ ಬಂತು! ದೀಪ ಹತ್ತಿತು, ಬಚ್ಚಲಲ್ಲಿ ನೀರು ಧುಮುಕಿತು, ಗೇಟು ತೆರೆಯಿತು, ಅದರ ಜೊತೆಗೆ, ಅಯ್ಯೋ, ನಾನು ಒರಗಿ ನಿಂತಿದ್ದ ಮುಂಬಾಗಿಲೂ! ದಬಕ್ಕನೆ ಮೆಟ್ಟಿಲ ಮೇಲೆ ಬಿದ್ದೆ. ಎದುರಿಗೆ ಹೆಂಡತಿ, ಬೀದಿಯ ಜನ, ಕಂಕುಳಲ್ಲಿ ಕೋಳಿ ಇಟ್ಟುಕೊಂಡ ಅತ್ತೆ. ಟವೆಲ್ ನನ್ನ ಜೊತೆ ಅರ್ಧದವರೆಗೆ ಮಾತ್ರ ಬಂದಿತ್ತು.

ಭೂಮಿ ಬಾಯಿ ಬಿಡಲಿ ಎಂದು ಕಣ್ಣು ಮುಚ್ಚಿದೆ. ಮೈಮೇಲೆ ಮೆತ್ತಗೆ ಏನೋ ಬಿತ್ತು. ಅತ್ತೆ ಅತ್ತ ಮುಖ ತಿರುಗಿಸಿಕೊಂಡೇ ತಮ್ಮ ಹೆಗಲ ಮೇಲಿನ ಬಟ್ಟೆಯನ್ನು ನನ್ನತ್ತ ಎಸೆದಿದ್ದರು. "ಏನ್ರೀ ನೋಡ್ತೀರಾ? ಹೋಗಿ ನಿಮ್ಮ ನಿಮ್ಮ ಮನೆಗೆ!" ಎಂದು ಜನರನ್ನು ಗದರಿದರು. ಇಲಿಯ ವಿಷಯ ಆಮೇಲೆ ಒಂದು ಸಲವೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಎಲ್ಲಿ ಮುಗಿಯಿತು! ಕುಟುಂಬದ ಯಜಮಾನಿಕೆ ಅತ್ತೆಯವರ ಫೋನಿನಲ್ಲೇ ಉಳಿಯಿತು. ಅವರು ಚಿಪಾಟಾಕ್ಕೆ ಹೋದರು, ಅದೂ ಅವರ ಜೊತೆ ಹೋಯಿತು. ಈಗ ಅಲ್ಲಿ ಅವರಿಗೆ ನಿದ್ದೆ ಬಂದರೆ ಇಲ್ಲಿ ನಮ್ಮ ದೀಪ ಆರುತ್ತದೆ. ಅವರು ಚರ್ಚಿಗೆ ಹೋಗುವಾಗ ಫೋನಿನ ಬಾಯಿ ಮುಚ್ಚಿದರೆ ಇಲ್ಲಿ ನಮ್ಮ ಪಂಪಿನ ಬಾಯಿಯೂ ಮುಚ್ಚುತ್ತದೆ. ಕಂಪನಿಯನ್ನು ಕೇಳಿದರೆ, "ಯಜಮಾನರೇ ಒಪ್ಪಿ ಬಿಟ್ಟುಕೊಡಬೇಕು. ಇಲ್ಲವೇ ಎಲ್ಲವನ್ನೂ ಹೊಸದಾಗಿ ಕೊಳ್ಳಿ" ಎಂದರು.

ಕಡೆಗೆ ಬೇರೆ ದಾರಿ ಕಾಣದೆ, ತಿಯಾಮಿಕೆಯ ಹಳೇ ಫೋನಿನಿಂದಲೇ ಅತ್ತೆಗೆ ಕರೆ ಮಾಡಿಸಿ, ಗೋಡೆಯ ಕಡೆ ತಿರುಗಿ ತಲೆ ತಗ್ಗಿಸಿ ಬೇಡಿಕೊಂಡೆ: "ಅಮ್ಮಾವ್ರೇ, ನಿಮ್ಮ ಫೋನಲ್ಲಿ ನನ್ನ ಹೆಸರಿರುತ್ತೆ. ಅದನ್ನ ಒತ್ತಿ ನನ್ನನ್ನ ಒಂದ್ಸಲ ತೆಗೆದುಹಾಕಿ. ಹೊಸದಾಗಿ ಯಜಮಾನನಾಗಿ ಸೇರ್ಕೋತೀನಿ."

ಅತ್ತೆ ಬಹಳ ಹೊತ್ತು ಫೋನಿನಲ್ಲಿ ಹುಡುಕಿದರು. "ಸಿಕ್ತು, ಅಳಿಯಂದಿರೇ. ಆದ್ರೆ ಇಲ್ಲಿ ನಿಮ್ಮ ಹೆಸರಿನ ಮುಂದೆ 'ಅತಿಥಿ' ಅಂತ ಇದೆ. ಅತಿಥೀನ ಮನೆಯಿಂದ ಹೊರಗೆ ಹಾಕೋದು ನಮ್ಮ ಅಂಗೋನಿಗಳಲ್ಲಿ ಇಲ್ಲಪ್ಪ. ಸಂಕೋಚ ಪಡ್ಬೇಡಿ. ಎಷ್ಟು ದಿನ ಬೇಕಾದ್ರೂ ಆರಾಮಾಗಿ ಇದ್ದು ಹೋಗಿ!"