ಇಸ್ತ್ರಿಯವನ ಸುಕ್ಕು ಅಂಗಿ

ಬಾಡಿಗೆ ಏರಿಸುವ ಸುದ್ದಿಯನ್ನು ಮನೆಯೊಡತಿ ಬೆಳಿಗ್ಗೆ ಹಲ್ಲುಜ್ಜುತ್ತಲೇ ಹೇಳಿಬಿಟ್ಟಳು.

"ಎಣ್ಣೆ ಏರಿದೆ, ಗ್ಯಾಸ್ ಏರಿದೆ. ನಾನೊಬ್ಬಳು ಯಾಕೆ ಸುಮ್ನಿರಲಿ? ಒಂದನೇ ತಾರೀಕಿಂದ ಹೊಸ ಬಾಡಿಗೆ. ಆಗಲ್ಲ ಅಂದ್ರೆ ಮನೆ ಬಿಟ್ಬಿಡಿ."

ಲಾಂಡ್ರಿಯ ಇಸ್ತ್ರಿಯವ ಹೆಂಡತಿಯ ಮುಖ ನೋಡಿದ. ಅವಳು ಮಗಳ ಜಡೆ ಹೆಣೆಯುತ್ತ, "ಸರ್ಕಾರ ಕನಿಷ್ಠ ಕೂಲಿ ಏರಿಸಿ ಎಷ್ಟೋ ದಿನ ಆಯ್ತಂತೆ. ನಿಮ್ಮ ಮಾಲೀಕರಿಗೆ ಸುದ್ದಿ ಇನ್ನೂ ಮುಟ್ಟಿಲ್ವಾ?" ಎಂದಳು.

"ಇವತ್ತು ಮುಟ್ಟಿಸ್ತೀನಿ" ಎಂದು ಅವನು ಹೊರಟ. ಸ್ವಭಾವದಲ್ಲಿ ಬಾಯಿಸತ್ತವನೇ. ಆದರೆ ಮನೆ ಹೋಗುತ್ತದೆ ಎಂದಾಗ ಎಂಥವನಿಗೂ ಬಾಯಿ ಬರುತ್ತದೆ.

ಲಾಂಡ್ರಿಯಲ್ಲಿ ಬಟ್ಟೆ ಮಡಿಸುವ ಅಕ್ಕ, ಕೂಲಿ ಕೇಳಲು ಹೊರಟ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈ ಗರಿಗರಿ ಅಂಗೀಲಿ ಹೋಗಿ ಹೊಟ್ಟೆಗಿಲ್ಲ ಅಂದ್ರೆ ಯಾರಪ್ಪ ನಂಬ್ತಾರೆ? ಮಾಲೀಕರೇ ನಿನ್ನ ಹತ್ರ ಸಾಲ ಕೇಳ್ತಾರೆ."

"ಬಿಚ್ಚು ಇಲ್ಲಿ" ಎಂದ ಒಗೆಯುವ ಅಣ್ಣ. ಅಂಗಿಯನ್ನು ನೀರಿಗದ್ದಿ, ಹಗ್ಗದಂತೆ ಹಿಂಡಿ, ಹಾಗೆಯೇ ತೊಡಿಸಿದ. ಅಕ್ಕ ತನ್ನ ಪಾಲಿಗೆ ಎರಡು ಗುಂಡಿ ಕಿತ್ತಳು. "ಹೋಗು. ನಮ್ಮ ಪರವಾಗೂ ಕೇಳು."

ಹುಟ್ಟಿದಂದಿನಿಂದ ಸುಕ್ಕು ಬಟ್ಟೆ ತೊಡದ ಅವನಿಗೆ ಬರಿಮೈಯಲ್ಲಿ ನಡೆದಂತಾಯಿತು. ಮುಂಬಾಗಿಲಲ್ಲಿ ರೇಷ್ಮೆ ಬಟ್ಟೆಗಳ ಗಂಟು ಇಡುತ್ತಿದ್ದ ಒಬ್ಬ ಹೆಂಗಸು, "ಇಸ್ತ್ರಿ ಮಾಡೋರು ಇವರೇನಾ?" ಎಂದು ಕೇಳಿ, ಗಂಟನ್ನು ಮೆಲ್ಲಗೆ ವಾಪಸು ತೆಗೆದುಕೊಂಡಳು. ಅವಳ ಹಿಂದಿದ್ದವರೂ ಎದುರಿನ ಲಾಂಡ್ರಿಯ ದಾರಿ ಹಿಡಿದರು.

"ಒಳಗೆ ಬಾ" ಎಂದರು ಮಾಲೀಕರು, ಹಲ್ಲು ಕಡಿಯುತ್ತ.

ಬೇರೆ ದಿನವಾಗಿದ್ದರೆ ಅವನು ಹಿಂಬಾಗಿಲಿಂದ ಓಡುತ್ತಿದ್ದ. ಇವತ್ತು ಒಳಗೆ ಹೋಗಿ ತಾನೇ ಮೊದಲು ಶುರು ಮಾಡಿದ. "ಸಾರ್, ಸರ್ಕಾರ ಹೇಳಿದ ಕೂಲಿ ಕೊಡಿ. ಬಾಡಿಗೆ ಏರಿದೆ, ಹಾಲು ಏರಿದೆ, ಮಗಳ ಬಸ್ ಚಾರ್ಜು ಏರಿದೆ. ಏರದೆ ಇರೋದು ನನ್ನ ಸಂಬಳ ಒಂದೇ. ನೀವು ಹೂಂ ಅನ್ನೋವರೆಗೂ ನಾನು ಇಲ್ಲಿಂದ ಕದಲಲ್ಲ."

"ನನಗೂ ಕರೆಂಟ್ ಬಿಲ್ ಏರಿದೆ ಕಣಯ್ಯ."

"ಏರಿರಬಹುದು ಸಾರ್. ಅದಕ್ಕೆ ನನ್ನ ಹೊಟ್ಟೆ ಮೇಲೆ ಯಾಕೆ ಇಸ್ತ್ರಿ ಇಡ್ತೀರಿ?"

ಮಾಲೀಕರು ದಂಗಾದರು. ಇವನಿಗೆ ನಾಲಿಗೆ ಇದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಅವನ ಅಂಗಿಯನ್ನೇ ನೋಡಿ, "ಆಯ್ತು. ಒಂದನೇ ತಾರೀಕಿಂದ ಎಲ್ಲರಿಗೂ ಹೊಸ ಕೂಲಿ" ಎಂದರು.

ಅಕ್ಕ ಅವನಿಗೆ ದೃಷ್ಟಿ ತೆಗೆದು ನೆಟಿಕೆ ಮುರಿದಳು. ಅಣ್ಣ ಅವನನ್ನು ಎತ್ತಿಕೊಂಡು ಕುಣಿದ. ಇಸ್ತ್ರಿಯವನಿಗೆ ನಿಜವಾಗಿಯೂ ಕಣ್ಣು ತುಂಬಿ ಬಂತು.

ಸಂಜೆ ಮಾಲೀಕರು ಮೂವರನ್ನೂ ಕರೆದರು. "ಇವನ ಅಂಗಿ ನೋಡಿ ಇವತ್ತು ಗಿರಾಕಿಗಳು ಓಡಿಹೋದ್ರು. ಇನ್ನು ಮೇಲೆ ನೀವೆಲ್ಲ ದಿನಾ ಇಲ್ಲೇ ಒಗೆದು ಇಸ್ತ್ರಿ ಮಾಡಿದ ಬಟ್ಟೇಲೇ ಇರಬೇಕು. ಗಿರಾಕಿಗಳ ರೇಟೇ ನಿಮಗೂ. ಸಂಬಳದಲ್ಲಿ ಹಿಡ್ಕೋತೀನಿ."

ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. "ಏರಿದ್ದು ಅಲ್ಲಿಗಲ್ಲಿಗೆ ಸರಿಹೋಯ್ತು."

"ಎಲ್ಲರದ್ದೂ ಇಸ್ತ್ರಿ ಯಾರು ಮಾಡೋದು ಸಾರ್?" ಎಂದು ಕೇಳಿದ ಇಸ್ತ್ರಿಯವ.

"ನೀನೇ ಕಣಯ್ಯ. ಇನ್ಯಾರು?"

ಮಾಲೀಕರು ಹೋದ ಮೇಲೆ ಅವನು ಅಣ್ಣನ ಪ್ಯಾಂಟಿನ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದ.

"ಬಿಡಲ್ಲ. ನಾಳೆ ಮತ್ತೆ ಒಳಗೆ ಹೋಗಿ ಕೇಳೇ ಕೇಳ್ತೀನಿ."

"ಕೇಳು, ಕೇಳು" ಎಂದಳು ಅಕ್ಕ. "ಆದ್ರೆ ಯಾವ ಅಂಗಿ ಹಾಕ್ಕೊಂಡು ಹೋಗ್ತೀಯಾ?"