ಆಸೆಪಟ್ಟರೆ ಅರಚುವ ಕಾರು

“ಕಸ್ತೂರಕ್ಕಾರ, ಈ ಕಾರು ನಂದಾಗಬೇಕು ಅಂತ ಮನಸ್ನ್ಯಾಗ ಆಸೆ ಪಡ್ರಿ,” ಎಂದರು ಪಕ್ಕದ ಮನೆಯ ಅಡಿವೆಪ್ಪನವರು.

ಆಸೆ ಪಟ್ಟೆ. ಏನೂ ಆಗಲಿಲ್ಲ.

“ಇನ್ನೂ ಜೋರ್ ಆಸೆ ಪಡ್ರಿ.”

ಕಣ್ಣು ಮುಚ್ಚಿ ಹೆಣಗಾಡಿದೆ. ಆದರೆ ಕಾರಾದರೂ ಎಂಥದು! ಬಾಗಿಲಿಗೆ ಒಂದು ಬಣ್ಣ, ಬಾನೆಟ್ಟಿಗೆ ಇನ್ನೊಂದು. ಹಿಂದಿನ ಬಂಪರನ್ನು ನೈಲಾನ್ ಹಗ್ಗದಿಂದ ಬಿಗಿದಿದ್ದರು. ದೂರವಾಣಿ ಇಲಾಖೆಯಲ್ಲಿ ದುಡಿದು ನಿವೃತ್ತಳಾಗಿ ಒಬ್ಬಳೇ ಇರುವ ನಾನು ಅಷ್ಟೇನೂ ಆಸೆಬುರುಕಿಯಲ್ಲ. ಅಷ್ಟರಲ್ಲಿ ಗುಜರಿಯವನ ಕೈಗಾಡಿ ಗೇಟಿನ ಮುಂದೆ ಹಾದಿತು. ಅವನು ಕಾರಿನತ್ತ ಒಮ್ಮೆ ನೋಡಿದನಷ್ಟೆ, ಕಾರು ಬಾಯಿ ಬಡಿದುಕೊಳ್ಳತೊಡಗಿತು. ಗೇಟಿನ ಪಕ್ಕದ ಹೊಂಗೆಮರದ ಕಾಗೆಗಳೆಲ್ಲ ಎದ್ದು ಹೋದವು.

“ನೋಡಿದ್ರಿ?” ಅಡಿವೆಪ್ಪನವರು ಅಲಾರಂ ಆರಿಸಿ ಮೀಸೆ ತೀಡಿದರು. “ಉಳಿದ ಅಲಾರಂಗಳು ಕಳ್ಳ ಮುಟ್ಟಿದ ಮ್ಯಾಲೆ ಕೂಗ್ತಾವು. ನಂದು ಕಳ್ಳ ನೆನಸಿದಾಗನ ಕೂಗ್ತೈತಿ.”

ಬಾನೆಟ್ಟು ಎತ್ತಿ ತೋರಿಸಿದರು. ಒಳಗೆ ಕುಕ್ಕರಿನಂಥ ಒಂದು ಡಬ್ಬಿ, ಅದರ ಸುತ್ತ ತಾಮ್ರದ ತಂತಿ. ಯಾರಾದರೂ ಹತ್ತಿರ ನಿಂತು ಈ ಕಾರು ಬೇಕೆಂದೋ ಇದರಲ್ಲಿ ಹೋಗಬೇಕೆಂದೋ ಬಯಸಿದರೆ ಅವರ ಮಿದುಳಿನಿಂದ ಹೊರಡುವ ಸಣ್ಣ ಅಲೆಯನ್ನು ಆ ಡಬ್ಬಿ ಹಿಡಿಯುತ್ತದಂತೆ. ಮಾಲೀಕನ ಅಲೆಯೊಂದನ್ನು ಮಾತ್ರ ಸುಮ್ಮನೆ ಬಿಡುತ್ತದಂತೆ.

“ಮಾಲೀಕ ಯಾರು ಅಂತ ಅದಕ್ಕ ಹೆಂಗ ತಿಳೀತೈತ್ರಿ?”

“ಈ ಕೆಂಪು ಗುಂಡಿ ಒತ್ತಿದ ಮ್ಯಾಲೆ ಯಾರು ಮೊದಲ ಕಾರು ಚಾಲೂ ಮಾಡ್ತಾರೋ ಅವರ ಮಾಲೀಕ. ಒಬ್ಬನ. ಉಳಿದಾವ್ರೆಲ್ಲ ಹೊರಗಿನಾವ್ರು. ಇನ್ನ ಮುಂದ ಕೀಲಿ ಕಾರಿನಾಗ ಬಿಟ್ರೂ ಚಿಂತಿಲ್ಲ.”

ಅವರ ಹೆಂಡತಿ ಸುಮಿತ್ರಾ ಚಹಾ ತಂದರು. “ಹಂಗಾರ ಒಂದಿನ ಇದರಾಗ ಉಣಕಲ್ ಕೆರೀಗೆ ಹೋಗಿ ಗಿರಮಿಟ್ ತಿಂದು ಬರೂಣೇನ್ರಿ?”

“ಇದು ಪ್ರಯೋಗಶಾಲಿ ಐತಿ. ಟಾಂಗಾ ಅಲ್ಲ.”

ಸುಮಿತ್ರಾ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಸಂಜೆ ಅವರ ರೇಡಿಯೊ ನನಗೆ ಕೇಳುತ್ತದೆ, ನನ್ನದು ಅವರಿಗೆ. ಇಬ್ಬರದೂ ಒಂದೇ ಸ್ಟೇಷನ್ನು. ಅದಕ್ಕಿಂತ ಹೆಚ್ಚಿನ ಮಾತುಕತೆ ನಮ್ಮ ನಡುವೆ ನಡೆದದ್ದು ಕಡಿಮೆ.

ಮರುದಿನದಿಂದ ಕಾರು ಕಾರಣವಿಲ್ಲದೆ ಅರಚತೊಡಗಿತು.

ಗುಜರಿಯವನಿಲ್ಲ, ಕಳ್ಳನಿಲ್ಲ, ಆದರೂ ಅರಚಾಟ. ಅಡಿವೆಪ್ಪನವರು ಮೊದಲು ಬೆಕ್ಕನ್ನು ಹಿಡಿದರು. ಬೆಕ್ಕಿಗೆ ಕಾರಿನ ಬೆಚ್ಚಗಿನ ಬಾನೆಟ್ಟಿನ ಮೇಲೆ ಆಸೆ ಎಂದು ವಾದಿಸಿ, ಅದನ್ನು ಚೀಲದಲ್ಲಿ ಹಾಕಿ ಮಾರ್ಕೆಟ್ಟಿನಲ್ಲಿ ಬಿಟ್ಟು ಬಂದರು. ಅವರಿಗಿಂತ ಮುಂಚೆ ಬೆಕ್ಕು ಮನೆ ಸೇರಿತ್ತು. ಆಮೇಲೆ ತಂತಿ ಬದಲಿಸಿದರು, ಬ್ಯಾಟರಿ ಬದಲಿಸಿದರು. ಕಾರು ಕೇಳಲಿಲ್ಲ. ಕೊನೆಗೆ ಓಣಿಯ ಜನಕ್ಕೇ ಪಾಠ ಶುರುವಾಯಿತು: “ಗೇಟಿನ ಮುಂದ ಹಾಯುವಾಗ ಎಲ್ಲಾರೂ ಮಗ್ಗಿ ಹೇಳ್ರಿ. ಲೆಕ್ಕ ಮಾಡೂ ಮಿದುಳಿನಾಗ ಆಸೆಗೆ ಜಾಗ ಇರೂದಿಲ್ಲ.”

ನಂಬುತ್ತೀರೋ ಇಲ್ಲವೋ, ಓಣಿ ಇಡೀ ಹೇಳತೊಡಗಿತು. ಹಾಲಿನವನು ಏಳರ ಮಗ್ಗಿ, ಪೇಪರಿನವನು ಒಂಬತ್ತರದು. ನಮ್ಮ ಓಣಿ ಸಂಘದ ಅಧ್ಯಕ್ಷ ಹಂಪಣ್ಣವರು ಹನ್ನೆರಡಕ್ಕೆ ತಡವರಿಸಿ, ದಾರಿ ಬಿಟ್ಟು ಗಟಾರಕ್ಕೆ ಇಳಿದರು. ಆ ಸಿಟ್ಟಿನಲ್ಲಿ ಕಾರು ಕೂಗುವ ಕಾರಣವನ್ನು ತಾವೇ ಹುಡುಕಲು ನಿಂತರು. ಹುಡುಕಿಯೂ ಬಿಟ್ಟರು.

“ಆ ಇಸ್ತ್ರಿ ಗಾಡಿ ಅಡಿವೆಪ್ಪನವರ ಗೇಟಿನ ಮುಂದ ನಿಂತಾಗ ಅಷ್ಟ ಕಾರು ಕೂಗ್ತೈತಿ. ಹೌದಿಲ್ಲ?”

ಹೌದು. ನಾನೂ ಗಮನಿಸಿದ್ದೆ. ಯಮನೂರಪ್ಪ ದಿನಾ ಇಸ್ತ್ರಿ ಗಾಡಿ ತಳ್ಳಿಕೊಂಡು ಬಂದು ಹೊಂಗೆಮರದ ಕೆಳಗೆ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಕಾರು ಅರಚುತ್ತಿತ್ತು. ಆದರೆ ಹಂಪಣ್ಣವರು ಅಷ್ಟಕ್ಕೇ ನಿಲ್ಲಲಿಲ್ಲ. ಯಾರನ್ನು ಕಂಡು ಕಾರು ಕೂಗುತ್ತದೋ ಅವರು ಆ ಗೇಟಿನ ಬಳಿ ನಿಲ್ಲಕೂಡದು, ಭಾನುವಾರದ ಸಭೆಯಲ್ಲೇ ಗಾಡಿ ಓಣಿಯಿಂದ ಹೊರಗೆ ಎಂದು ಸಾರಿದರು. ನಮ್ಮಲ್ಲಿ ಏನು ಕೂಗಿದರೂ ಬೆರಳು ಮೊದಲು ಹೋಗುವುದು ಇದ್ದಿಲು ಮುಟ್ಟಿದ ಕೈಯ ಕಡೆಗೆ. ಸೀಮೆಗಿಲ್ಲದ ವಿಜ್ಞಾನ ಬಂದರೂ ಬೆರಳಿನ ದಿಕ್ಕು ಬದಲಾಗುವುದಿಲ್ಲ.

“ಅಕ್ಕಾರ, ನನಗ ಆ ಕಾರು ಯಾತಕ್ಕ ಬೇಕ್ರಿ?” ಎಂದ ಯಮನೂರಪ್ಪ. “ನನ್ನ ಗಾಡಿನ ಅದಕ್ಕಿಂತ ಛಲೋ ಓಡ್ತೈತಿ. ಈ ಗಿಡದ ಬುಡಕ್ಕ ನಮ್ಮಪ್ಪ ನಿಂತಾನ, ನಾ ನಿಂತೀನಿ. ಇಲ್ಲಿಂದ ಎಬ್ಬಿಸಿದ್ರ ಎಲ್ಲಿ ಹೋಗ್ಲಿ?”

ಹೆದರಿದ ಅವನು ಹೊತ್ತುಹೊತ್ತಿಗೂ ಹದಿನೇಳರ ಮಗ್ಗಿ ಹೇಳುತ್ತ, ನೂರಾ ಮೂವತ್ತಾರಕ್ಕೆ ಬರುವಷ್ಟರಲ್ಲಿ ಹಂಪಣ್ಣವರ ಖಾದಿ ಜುಬ್ಬದ ಬೆನ್ನಿನಲ್ಲಿ ಇಸ್ತ್ರಿಪೆಟ್ಟಿಗೆಯಾಕಾರದ ಕಿಟಕಿ ತೆರೆದಿದ್ದ.

ಭಾನುವಾರ ಓಣಿಯೆಲ್ಲ ಗೇಟಿನ ಮುಂದೆ ನೆರೆಯಿತು.

“ಗಾಡಿ ತೆಗಿಸೂಕಿಂತ ಮೊದಲ ಪರೀಕ್ಷೆ ಆಗ್ಲಿ,” ಎಂದು ಅಡ್ಡ ನಿಂತೆ. “ಗಾಡಿ ತಂದು ನಿಲ್ಲಸಪಾ ಯಮನೂರಪ್ಪ. ಮಗ್ಗಿ ಹೇಳಬ್ಯಾಡ.”

ಗಾಡಿ ಬಂದು ನಿಂತಿತು. ಕಾರು ಸುಮ್ಮನಿತ್ತು.

“ಬಾಯಿ ಮುಚ್ಚಿ ಒಳಗೊಳಗ ಹೇಳಾಕತ್ತಾನ!” ಎಂದರು ಹಂಪಣ್ಣವರು.

“ಹಂಗಾರ ಮಾತಾಡ್ಸ್ರಿ ಅವನ್ನ. ನಿಮ್ಮ ಜುಬ್ಬಾದ ಬಗ್ಗೆ ಕೇಳ್ರಿ.”

ಕೇಳಿದರು, ಬಹಳ ಹೊತ್ತು ಕೇಳಿದರು. ಕಾರು ತುಟಿ ಬಿಚ್ಚಲಿಲ್ಲ. ಆಗ ಮನೆಯ ಬಾಗಿಲು ತೆರೆದು, ಸುಮಿತ್ರಾ ಇಸ್ತ್ರಿಗೆ ಕೊಡುವ ಬಟ್ಟೆಯ ಗಂಟು ಹಿಡಿದು ಎಂದಿನಂತೆ ಗೇಟಿಗೆ ಬಂದರು.

ಕಾರು ಅರಚಿತು.

“ಕೂಗ್ತು! ಕೂಗ್ತು!” ಎಂದು ಹಂಪಣ್ಣವರು ಗಾಡಿಗೆ ಕೈ ಹಾಕಿದರು. ಸುಮಿತ್ರಾ ಬೆಚ್ಚಿ ಬಾಗಿಲಿನವರೆಗೆ ಹಿಂದೆ ಸರಿದರು. ಅರಚಾಟ ನಿಂತಿತು. ಯಾರೂ ಅವರ ಕಡೆ ನೋಡುತ್ತಿರಲಿಲ್ಲ. ಒಳಗೆ ಹೋಗಿ ಕದ ಹಾಕಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗಾಡಿಯ ಗಾಲಿ ತಿರುಗಿತು, ಯಮನೂರಪ್ಪ ಗಾಡಿಗಿಂತ ಮೊದಲು ಉರುಳುವವನಂತೆ ಅದನ್ನು ತಬ್ಬಿ ನಿಂತ. ಸುಮಿತ್ರಾ ಅದನ್ನೇ ನೋಡಿದರು. ಗಂಟನ್ನು ಕೆಳಗಿಟ್ಟು ಮತ್ತೆ ಗೇಟಿಗೆ ನಡೆದು ಬಂದರು. ಕಾರು ಮತ್ತೆ ಅರಚಿತು.

“ಆ ಗಾಡಿ ಬಿಡ್ರಿ,” ಎಂದರು. “ಕಳ್ಳಿ ನಾನ.”

ಹಂಪಣ್ಣವರು ಗಾಡಿ ಬಿಟ್ಟರು. ಕಾರು ಮಾತ್ರ ಅರಚುವುದನ್ನು ಬಿಡಲಿಲ್ಲ.

“ದಿನಾ ಬಟ್ಟಿ ಕೊಡಾಕ ಬಂದಾಗ ಇದನ್ನ ನೋಡ್ತೀನಿ. ತಗೊಂಡು ಹೋಗಿಬಿಡಬೇಕು ಅನಸ್ತೈತಿ. ದೂರೇನಲ್ಲ, ಕೆರೀತನಕ. ಮನಿಯಾಗ ನನ್ನ ಜೋಡಿ ಮಾತಾಡಾವ್ರು ಯಾರದಾರ? ಇವ್ರು ಬಾನೆಟ್ಟಿನ ಜೋಡಿ ಮಾತಾಡ್ತಾರ.”

ಅಡಿವೆಪ್ಪನವರು ತೊದಲಿದರು. “ನೀ ಹೊರಗಿನಾಕಿ ಅಲ್ಲಲ್ಲ... ಮಶೀನ್ ಕೆಟ್ಟೈತಿ.”

“ಮಶೀನ್ ಕೆಟ್ಟಿಲ್ಲರಿ,” ಎಂದೆ. “ಮಾಲೀಕ ಒಬ್ಬನ ಅಂತ ಅದಕ್ಕ ಕಲಿಸಿದಾವ್ರು ನೀವು. ಲಗ್ನ ಆಗಿ ಇಷ್ಟು ವರ್ಷಕ್ಕ ಆಕಿ ಕಳ್ಳರ ಸಾಲಿಗೆ ಬಂದಾಳ. ಅದು ಖರೇನ ಹೇಳೇತಿ.”

ಅವಮಾನಕ್ಕೋ ಗದ್ದಲಕ್ಕೋ, ಅಡಿವೆಪ್ಪನವರು ಓಡಿಹೋಗಿ ಬಾನೆಟ್ಟು ಎತ್ತಿ ಕೈಗೆ ಸಿಕ್ಕ ಗುಂಡಿ ಒತ್ತಿದರು. ಅದು ಕೆಂಪು ಗುಂಡಿ. ಸದ್ದು ನಿಂತಿತು. ಸುಮಿತ್ರಾ ಬಾನೆಟ್ಟು ಕೆಳಗಿಳಿಸಿ, ಬಾಗಿಲು ತೆಗೆದು, ಒಳಗೆ ಕೂತು, ಅಲ್ಲೇ ತೂಗುತ್ತಿದ್ದ ಕೀಲಿ ತಿರುಗಿಸಿದರು. ತವರಿನಲ್ಲಿ ಅಪ್ಪನ ಟೆಂಪೊ ಓಡಿಸಿ ಪಳಗಿದ ಕೈ ಅದು ಎಂದು ಆಮೇಲೆ ತಿಳಿಯಿತು. ಕಾರು ಕೆಮ್ಮಿತು, ಹೊಗೆ ಬಿಟ್ಟಿತು, ಹೊರಟೇಬಿಟ್ಟಿತು. ಬಂಪರು ಹಗ್ಗದ ಸಮೇತ ಗೇಟಿನಲ್ಲೇ ಉಳಿಯಿತು.

ನಾನು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದೆ. ಸುಮಿತ್ರಾ ಕರೆಯಲಿಲ್ಲ. ಕರೆಯಬೇಕೆಂದೇನೂ ಇರಲಿಲ್ಲ.

ಈಗ ಯಮನೂರಪ್ಪ ಹೊಂಗೆಮರದ ಕೆಳಗೇ ಇದ್ದಾನೆ. ಕೆಂಪು ಗುಂಡಿ ಮತ್ತೆ ಒತ್ತಿ ಮಾಲೀಕತ್ವ ಬದಲಿಸೋಣವೆಂದರೆ ಬಾನೆಟ್ಟಿನ ಬೀಗಕ್ಕೂ ಕಾರಿನದೇ ಕೀಲಿ, ಅದು ಸುಮಿತ್ರಾ ಅವರ ಸೊಂಟದಲ್ಲಿದೆ. ಅಡಿವೆಪ್ಪನವರು ಗೇಟಿನತ್ತ ಬಂದರೆ ಸಾಕು, ಕಾರು ಓಣಿಗೆಲ್ಲ ಕೇಳುವಂತೆ ಅರಚುತ್ತದೆ, ಕಾರು ಕೂಗಿದವರು ಅಲ್ಲಿ ನಿಲ್ಲಕೂಡದೆಂಬ ತಮ್ಮದೇ ಠರಾವನ್ನು ಹಂಪಣ್ಣವರು ನೆನಪಿಸುತ್ತಾರೆ. ಹಾಗಾಗಿ ಅಡಿವೆಪ್ಪನವರು ಹದಿನೇಳರ ಮಗ್ಗಿ ಹೇಳುತ್ತ ಹೊರಗೆ ಹೋಗುತ್ತಾರೆ, ಹೇಳುತ್ತ ಒಳಗೆ ಬರುತ್ತಾರೆ. ಸುಮಿತ್ರಾ ಸಂಜೆ ಕೆರೆಗೆ ಹೋಗಿ ಬರುತ್ತಾರೆ. ಗೋಡೆಯಾಚೆಯ ರೇಡಿಯೊ ಆ ಹೊತ್ತಿಗೆ ಈಗ ಕೇಳುವುದಿಲ್ಲ.

ನಿನ್ನೆ ಅಡಿವೆಪ್ಪನವರು ಊರಲ್ಲಿರಲಿಲ್ಲ. ಯಮನೂರಪ್ಪ ಊಟಕ್ಕೆ ಹೋಗಿದ್ದ. ನಾನೊಬ್ಬಳೇ ಕಾರನ್ನು ನೋಡುತ್ತ ಗೋಡೆಗೆ ಒರಗಿ ನಿಂತಿದ್ದೆ. ಕಾರು ಬಾಯಿ ಬಡಿದುಕೊಂಡಿತು.

ಸುಮಿತ್ರಾ ಕಿಟಕಿಯಿಂದ ಇಣುಕಿದರು. “ಯಾರ್ರೀ ಅದು, ಕಸ್ತೂರಕ್ಕಾರ?”

“ಬೆಕ್ಕಿರಬೇಕ್ರಿ,” ಎಂದೆ.