ಕ್ಯಾಂಪಿನ ದಿನಸಿಯನ್ನು ಕರಡಿಯಿಂದ ಕಾಪಾಡಿದ ಬಗೆ

ಎಲ್ಲೆಕಲ್ಲು ಎಣಿಕೆ ಇಲಾಖೆಯ ದಿನಸಿಯನ್ನು ಕರಡಿ ತಿನ್ನತಕ್ಕದ್ದಲ್ಲ ಎಂಬ ನಿಯಮ ೧೯೫೮ನೆಯ ಇಸವಿಗೆ ಮುಂಚೆ ಇರಲಿಲ್ಲ. ಆದಕಾರಣ ಅದಕ್ಕೆ ಮುಂಚೆ ಕರಡಿ ತಿಂದದ್ದೆಲ್ಲ ಸಕ್ರಮವೆಂದೇ ಭಾವಿಸತಕ್ಕದ್ದು.

ಇಲಾಖೆಯ ಕಚೇರಿ ಇದ್ದದ್ದು ಜಯನಗರ ಮೂರನೇ ಬ್ಲಾಕಿನ ಒಂದು ಬಾಡಿಗೆ ಮನೆಯಲ್ಲಿ. ಕಲ್ಲುಗಳು ಇದ್ದದ್ದು ಗೊಟ್ಟಿಗೆರೆ ದಾಟಿ, ಬನ್ನೇರುಘಟ್ಟದ ಕಾಡಿನೊಳಗೆ. ಕಲ್ಲುಗಳನ್ನೇ ಕಿತ್ತು ಜಯನಗರಕ್ಕೆ ತರಿಸಿ ಎಣಿಸಿದರೆ ಹೇಗೆ ಎಂದು ಮೊದಲು ಚರ್ಚೆ ನಡೆದಿತ್ತು. ಎತ್ತಿನ ಗಾಡಿ ಮಂಜೂರಾಗಲಿಲ್ಲವಾಗಿ ಕಾಡಿನಲ್ಲೇ ಕ್ಯಾಂಪು ಹಾಕಬೇಕಾಯಿತು. ಕ್ಯಾಂಪಿನ ಅಧಿಕಾರಿ ಗಂಗಾಧರಯ್ಯನವರಿಗೆ ಕಾಡಿನ ಗಾಳಿ ಒಗ್ಗುವುದಿಲ್ಲ. ಅವರು ಮನೆಯಲ್ಲಿದ್ದುಕೊಂಡೇ ಕ್ಯಾಂಪು ಮಾಡಿದರು, ಕ್ಯಾಂಪಿನ ಭತ್ಯೆಯನ್ನೂ ಅಲ್ಲಿಗೇ ತರಿಸಿಕೊಂಡರು.

ಕಾಡಿಗೆ ಹೋದವನು ಸೇತುರಾಮ. ದಿನಸಿಯ ಉಸ್ತುವಾರಿಗೆಂದು ನೇಮಕವಾದ ಹಂಗಾಮಿ ಗುಮಾಸ್ತ. ಹಂಗಾಮಿ ಅನ್ನುವ ಮಾತು ಅವನ ಎದೆಯ ಮೇಲೆ ಕೂತಿತ್ತು ನೋಡಿ. ಬಸವನಗುಡಿಯ ನಿವೃತ್ತ ಹೆಡ್‌ಮಾಸ್ತರರ ಮಗಳು ವಿಮಲಾಳನ್ನು ಅವನು ಒಪ್ಪಿದ್ದ, ಅವಳೂ ಅವನನ್ನು ಒಪ್ಪಿದ್ದಳು, ಜಾತಕಗಳೂ ಒಂದನ್ನೊಂದು ಒಪ್ಪಿದ್ದವು. ಮಾಸ್ತರರದ್ದು ಮಾತ್ರ ಒಂದೇ ಮಾತು, ಹುಡುಗಿಯನ್ನು ಕೊಡುವುದಾದರೆ ಕಾಯಂ ನೌಕರನಿಗೇ. ಕ್ಯಾಂಪಿನಲ್ಲಿ ಉಗ್ರಾಣಿಕನ ಕಾಯಂ ಹುದ್ದೆಯೊಂದು ಖಾಲಿ ಬಿದ್ದಿತ್ತು. ದಿನಸಿಗೆ ಚ್ಯುತಿ ಬಾರದಂತೆ ಕ್ಯಾಂಪು ಮುಗಿಸಿದರೆ ಅದು ನಿನಗೇ ಎಂದು ಗಂಗಾಧರಯ್ಯನವರು ಬಾಯಿಮಾತಿನಲ್ಲಿ ಹೇಳಿದ್ದರು. ಹುಡುಗ ಅದನ್ನೇ ಗಂಟು ಹಾಕಿಕೊಂಡು ಹೊರಟ.

ಡೇರೆ ಹೊಡೆದ ಮಾರನೆಯ ಬೆಳಗ್ಗೆಯೇ ಕರಡಿ ಬಂತು. ಅವಸರವಿಲ್ಲದೆ ಬೆಲ್ಲ ತಿಂದು, ರಾಗಿಹಿಟ್ಟಿನಲ್ಲಿ ಮೂಗು ಒರೆಸಿಕೊಂಡು ಹೋಯಿತು. ಸೇತುರಾಮ ವರದಿ ಬರೆದ. ಜಯನಗರದಿಂದ ಸುತ್ತೋಲೆ ಬಂತು:

‘ಕಾಡಿನ ಕ್ಯಾಂಪುಗಳಲ್ಲಿ ದಿನಸಿಯನ್ನು ಡೇರೆಯೊಳಗೆ ಇಡತಕ್ಕದ್ದಲ್ಲ. ದೂರದ ಮರವೊಂದಕ್ಕೆ ಎತ್ತರದಲ್ಲಿ ನೇತುಹಾಕತಕ್ಕದ್ದು. ವಾಸನೆ ಹೊರಹೋಗದಂತೆ ದಿನಸಿಗೆ ಸೂಚನೆ ಕೊಡತಕ್ಕದ್ದು. ಕರಡಿಗಳಿಗೆ ಪ್ರವೇಶವಿಲ್ಲವೆಂದು ಫಲಕ ಹಾಕತಕ್ಕದ್ದು.’

ಫಲಕ ಬರೆಸಿದ್ದಾಯಿತು. ಅಡುಗೆಯ ಸೊಣ್ಣಮ್ಮ ಗೊಟ್ಟಿಗೆರೆಯವಳು, ಬಾಯಿ ಜೋರು. ಫಲಕವನ್ನು ಒಂದು ಗಳಿಗೆ ನೋಡಿದಳು.

“ಅದು ಓದ್ಕೊಂಡಿದ್ರೆ ಕಾಡಲ್ಲಿ ಯಾಕ್ ಇರ್ತಿತ್ತು ಸಾಮಿ, ನಿಮ್ ಆಫೀಸಲ್ಲೇ ಇರ್ತಿತ್ತು” ಎಂದಳು.

ಸೇತುರಾಮನಿಗೆ ಇದು ಉಡಾಫೆಯಾಗಿ ಕೇಳಿಸಿತು. ಅವನು ನಿಯಮದ ಪ್ರಕಾರ ಮೂಟೆಗಳನ್ನು ಆಲದ ಮರಕ್ಕೆ ಏರಿಸಿದ. ಸಾರಿಗೆ ಹುಣಸೆಹಣ್ಣು ಬೇಕೆಂದರೆ ಪಂಚೆ ಎತ್ತಿ ಕಟ್ಟಿ ಮರ ಹತ್ತುವನು, ಉಪ್ಪು ಮರೆತೆ ಎಂದರೆ ಮತ್ತೆ ಹತ್ತುವನು. ಕರಡಿಯೂ ಹತ್ತಿತು. ಅವನಿಗಿಂತ ಚೆನ್ನಾಗಿ ಹತ್ತಿತು ಅನ್ನುವುದನ್ನು ಅವನೇ ಆಮೇಲೆ ಒಪ್ಪಿಕೊಂಡಿದ್ದಾನೆ.

ಕರಡಿ ಹತ್ತದ ಮರ ಯಾವುದೆಂದು ಇಲಾಖೆ ಅರಣ್ಯದವರನ್ನು ಕೇಳಿತು. ಅವರು ಕರಡಿಯ ಹೆಸರು, ವಿಳಾಸ ಕೇಳಿ ಮರುಪತ್ರ ಬರೆದರು. ಆ ವ್ಯವಹಾರ ಇವತ್ತಿಗೂ ನಡೆದಿದೆ ಅನ್ನಿ. ಅಷ್ಟರಲ್ಲಿ ಗಂಗಾಧರಯ್ಯನವರು ತಾವೇ ತಲೆ ಓಡಿಸಿ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ ಕಳಿಸಿಕೊಟ್ಟರು, ಜೊತೆಗೆ ತಿದ್ದುಪಡಿಯನ್ನೂ. ದಿನಸಿ ಪೆಟ್ಟಿಗೆಯಲ್ಲಿರತಕ್ಕದ್ದು, ಬೀಗದ ಕೈ ಅಧಿಕಾರಿಯ ಬಳಿ ಇರತಕ್ಕದ್ದು, ಸಿಬ್ಬಂದಿಯಲ್ಲಿ ಯಾರೇ ಬೀಗ ಮುಟ್ಟಿದರೂ ಕೆಲಸದಿಂದ ತೆಗೆದುಹಾಕತಕ್ಕದ್ದು. ಅಧಿಕಾರಿ ಜಯನಗರದಲ್ಲಿದ್ದರು. ಹೀಗೆ ದಿನಸಿ ಮನುಷ್ಯರಿಂದ ಸಂಪೂರ್ಣ ಸುರಕ್ಷಿತವಾಯಿತು.

ಮೊದಲ ದಿನ ಕ್ಯಾಂಪಿನವರೆಲ್ಲ ನೀರು ಕುಡಿದು ಮಲಗಿದರು. ಎರಡನೆಯ ದಿನ ಕಲ್ಲು ಎಣಿಸುವವರಿಗೆ ಒಂದು ಕಲ್ಲು ಎರಡಾಗಿ ಕಾಣತೊಡಗಿ ಎಣಿಕೆ ಚೆನ್ನಾಗಿಯೇ ಮುಂದುವರಿಯಿತು. ಆ ಹೊತ್ತಿಗೆ ಕರಡಿ ಬಂತು. ಪೆಟ್ಟಿಗೆಯನ್ನು ಸುತ್ತು ಹಾಕಿ, ಉಗುರು ತೂರಿಸಿ, ಚಿಲಕ ಕಿತ್ತು, ಬೆಲ್ಲ ತಿಂದು ಹೋಯಿತು. ಪೆಟ್ಟಿಗೆ ತೆರೆದಿತ್ತು. ತೆರೆದಿದ್ದ ಪೆಟ್ಟಿಗೆಯಿಂದ ಅಕ್ಕಿ ತೆಗೆಯಬಾರದೆಂದು ನಿಯಮ ಎಲ್ಲೂ ಹೇಳಿರಲಿಲ್ಲ. ಸೊಣ್ಣಮ್ಮ ಒಲೆ ಹಚ್ಚಿದಳು, ಸೇತುರಾಮನಿಗೆ ಅವತ್ತಿನ ಅನ್ನ ತಿನ್ನುವಾಗ ಕಣ್ಣಲ್ಲಿ ನೀರೇ ಬಂತು.

ಕಿತ್ತ ಚಿಲಕವನ್ನು ಕೂಡಲೇ ಸರಿಪಡಿಸತಕ್ಕದ್ದು ಎಂದು ಇನ್ನೊಂದು ನಿಯಮವಿತ್ತು. ಆದ್ದರಿಂದ ಸೇತುರಾಮ ಸಂಜೆ ಮೊಳೆ ಹೊಡೆದು ಸರಿಮಾಡುವನು, ಬೆಳಗ್ಗೆ ಕರಡಿ ಬಂದು ತೆರೆಯುವುದು, ಆಮೇಲೆ ಕ್ಯಾಂಪಿಗೆ ಊಟ. ಕರಡಿ ತಡಮಾಡಿದ ದಿನ ಎಲ್ಲರೂ ತಟ್ಟೆ ಹಿಡಿದು ಕಾಡಿನ ಕಡೆ ನೋಡುತ್ತ ಕೂರುವರು. ಸೊಣ್ಣಮ್ಮ ಕರಡಿಗೆ ಮೈ ಹುಷಾರಿಲ್ಲವೇನೋ ಎಂದು ಗೊಟ್ಟಿಗೆರೆ ಮಾರಮ್ಮನಿಗೆ ಹರಕೆ ಹೊತ್ತಳು. ಸೇತುರಾಮನೂ ಅವಳಿಗೆ ಕಾಣದಂತೆ ಕೈಮುಗಿದ.

ಕ್ಯಾಂಪು ಮುಗಿಯುವ ಮುಂಚೆ ಗಂಗಾಧರಯ್ಯನವರು ಜೀಪಿನಲ್ಲಿ ತನಿಖೆಗೆ ಬಂದರು. ಸೇತುರಾಮನ ಹಣೆಬರಹ ಏನು ಹೇಳೋಣ, ಅವತ್ತೇ ಕರಡಿ ಎರಡನೆಯ ಸಲ ಬಂದು ಅವನನ್ನು ಆಲದ ಮರಕ್ಕೆ ಹತ್ತಿಸಿ, ಬುಡದಲ್ಲೇ ಪೆಟ್ಟಿಗೆಗೆ ಒರಗಿ ಕೂತಿತ್ತು. ಸಾಹೇಬರು ಜೀಪಿನಿಂದ ಇಳಿಯಲಿಲ್ಲ. ಮೇಲೆ ನೋಡಿದರು, ಕೆಳಗೆ ನೋಡಿದರು, ಗಾಜಿನ ಹಿಂದಿನಿಂದಲೇ ವಿಚಾರಣೆ ಮಾಡಿದರು.

“ಪೆಟ್ಟಿಗೆ ದಿನಾ ಯಾರ್ರೀ ತೆಗೆಯೋದು?”

ಸುಳ್ಳು ಹೇಳಿದರೆ ಬೀಗ ಮುಟ್ಟಿದವನು ನಾನೇ ಆಗುತ್ತೇನೆ, ಕೆಲಸ ಹೋಗುತ್ತದೆ, ವಿಮಲಾಳೂ ಹೋಗುತ್ತಾಳೆ. ಕೊಂಬೆ ತಬ್ಬಿಕೊಂಡೇ ಸೇತುರಾಮ ನಿಜ ಹೇಳಿದ. “ಕರಡಿ ಸಾರ್.”

“ದಿನಾನೂ?”

“ಒಂದು ದಿನವೂ ತಪ್ಪಿಸಿಲ್ಲ ಸಾರ್.”

ಸಾಹೇಬರ ಮುಖದಲ್ಲಿ ಮೆಚ್ಚುಗೆ ಕಾಣಿಸಿತು. ಅವರು ಅನ್ಯಾಯ ಮಾಡುವ ಮನುಷ್ಯರಲ್ಲ, ನಿಯಮ ಬಿಟ್ಟು ಒಂದು ಹುಲ್ಲುಕಡ್ಡಿ ಅಲ್ಲಾಡಿಸಿದವರಲ್ಲ. ದಿನವೂ ದಿನಸಿಯ ಪೆಟ್ಟಿಗೆ ತೆರೆಯುವವನು ಉಗ್ರಾಣಿಕ ಎಂದು ಇಲಾಖೆಯ ಕೈಪಿಡಿಯಲ್ಲಿ ಇತ್ತು. ಸಿಬ್ಬಂದಿ ಅಲ್ಲದವರು ದಿನಸಿ ತಿಂದಿದ್ದರೆ ಅದು ಕಳವು, ಲೆಕ್ಕಪರಿಶೋಧನೆಯವರು ಸಾಹೇಬರನ್ನೇ ಹಿಡಿಯುತ್ತಾರೆ. ಸಿಬ್ಬಂದಿ ತಿಂದಿದ್ದರೆ ಅದು ಊಟ. ಕಾಯಂ ಹುದ್ದೆ ಹೇಗೂ ಖಾಲಿ ಇತ್ತು. ತನಿಖೆಯ ವೇಳೆ ಒಬ್ಬರು ಪೆಟ್ಟಿಗೆಯ ಬಳಿ ಹಾಜರಿದ್ದರು, ಇನ್ನೊಬ್ಬರು ಸ್ಥಳ ಬಿಟ್ಟು ಮರದ ಮೇಲಿದ್ದರು. ಇದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ ಹೇಳಿ.

ಆದೇಶ ವಾರದೊಳಗೆ ಬಂತು, ಇಲಾಖೆಯ ಚರಿತ್ರೆಯಲ್ಲೇ ಅಷ್ಟು ಬೇಗ ಯಾವ ಕಾಗದವೂ ಬಂದಿರಲಿಲ್ಲ. ಕರಡಿಯನ್ನು ಉಗ್ರಾಣಿಕನ ಹುದ್ದೆಗೆ ಕಾಯಂ ಮಾಡಲಾಗಿತ್ತು. ಓದುಬರಹ ಬಾರದವರು ಹೆಬ್ಬೆಟ್ಟು ಒತ್ತಬಹುದಾದ್ದರಿಂದ ಹಾಜರಿಗೆ ರಾಗಿಹಿಟ್ಟಿನಲ್ಲಿ ಮೂಡಿದ ಹೆಜ್ಜೆಯನ್ನು ಅಂಗೀಕರಿಸಲಾಗಿತ್ತು. ಸೇತುರಾಮನನ್ನು ಅದರ ಕೈಕೆಳಗೆ ಹಂಗಾಮಿಯಾಗಿಯೇ ಮುಂದುವರಿಸಲಾಗಿತ್ತು. ಅವನು ಪೆಟ್ಟಿಗೆಯ ಮೇಲೆ ಕೂತು ತುಂಬ ಹೊತ್ತು ಅತ್ತ. ಸೊಣ್ಣಮ್ಮ ಸಮಾಧಾನ ಮಾಡಿದಳು, ಆಮೇಲೆ ಮೇಲಧಿಕಾರಿ ಬರುವ ಹೊತ್ತಾಯಿತೆಂದು ಏಳಿಸಿದಳು.

ಮಾಸ್ತರರಿಗೆ ವಿಷಯ ತಾನೇ ಹೇಳಬೇಕೆಂದು ಅವನು ರಜೆಯ ಅರ್ಜಿ ಬರೆದ. ಅರ್ಜಿ ಉಗ್ರಾಣಿಕರ ಮೂಲಕವೇ ಹೋಗಬೇಕು. ಬೆಲ್ಲದ ಅಚ್ಚಿನ ಕೆಳಗೆ ಇಟ್ಟ. ಕರಡಿ ಎರಡನ್ನೂ ತಿಂದಿತು. ಅರ್ಜಿ ಸ್ವೀಕೃತವಾಯಿತೆಂದು ಜಯನಗರದವರು ತಿಳಿಸಿದರು.

ಬಸವನಗುಡಿಯ ಮನೆಯ ಜಗಲಿಯ ಮೇಲೆ ಮಾಸ್ತರರು ಪೂರ್ತಿ ಕೇಳಿಸಿಕೊಂಡರು. ವಿಮಲಾ ಕಾಫಿಯ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಕರಡಿ ಅಂತ ನಾನೂ ಕೇಳಿದೆ. ಅದಿರಲಿ. ಕಾಯಂ ತಾನೆ?”

“ಕಾಯಂ ಸಾರ್.”

“ಪೆನ್ಶನ್ನು?”

“ಇದೆ ಸಾರ್.”

ಮಾಸ್ತರರು ಬಾಗಿಲ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿದರು. “ಗೋತ್ರ ಆಮೇಲೆ ನೋಡೋಣ. ಅವರಿಗೆ ಮದುವೆ ಆಗಿದೆಯೇನಪ್ಪ?”

ಸೇತುರಾಮ ಪ್ರಾಮಾಣಿಕ ಹುಡುಗ. ಗೊತ್ತಿಲ್ಲದ್ದನ್ನು ಗೊತ್ತು ಅಂದವನಲ್ಲ.

“ವಿಚಾರಿಸಿಲ್ಲ ಸಾರ್. ನಾಳೆ ಪೆಟ್ಟಿಗೆ ತೆಗೆಯೋಕೆ ಬರ್ತಾರಲ್ಲ, ಕೇಳಿಕೊಂಡು ಬಂದು ಹೇಳ್ತೀನಿ” ಎಂದ.